ಐವತ್ತು ರೂಪಾಯಿಯ ಕಾನೂನು ಮತ್ತು ರುಕ್ಮಿಣಿ ದೇವಿ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಸಂಕ್ರಾಂತಿ ಬಂತೆಂದರೆ ರಾಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಅದೇ ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿ ಹೊತ್ತಿಗೆ ದನಗಳ ಜಾತ್ರೆ ಕಟ್ಟುತ್ತದೆ. ಒಳ್ಳೆ ಹಳ್ಳಿಕಾರ್ ಜತೆಗೆ ಲಕ್ಷಗಟ್ಟಲೆ ಬೆಲೆ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾಯಿತು, ಆದರೂ ಈ ಬೆಲೆ ಯಾಕೆ ಅಂತ ಕೇಳಿದರೆ ಉತ್ತರ ಸುಲಭ: ಜಾತ್ರೆ, ಪ್ರತಿಷ್ಠೆ, ಓಟ. ಹಳೇ ಮೈಸೂರಿನ ಬಯಲು ಸೀಮೆಯಲ್ಲಿ ಎತ್ತಿನ ಗಾಡಿ ಓಟ ಇವತ್ತು ಬರೀ ಹಬ್ಬದ ಆಟ ಅಲ್ಲ. ಅದಕ್ಕೆ ಬಹುಮಾನ ಇದೆ, ಫ್ಲೆಕ್ಸ್ ಇದೆ, ಫ್ಲೆಕ್ಸ್ ಮೇಲೆ ಶಾಸಕರ ಫೋಟೋ ಇದೆ, ರೀಲ್ಸ್ ಇದೆ.

ಆ ಗಾಡಿಯ ಮೇಲೆ ನಿಂತವನು ಎತ್ತುಗಳನ್ನು ಮಿತಿಮೀರಿ ಓಡಿಸಿದ, ಬಾರುಕೋಲಿನಲ್ಲಿ ಬರೆ ಬರುವಂತೆ ಬಾರಿಸಿದ ಅಂತಿಟ್ಟುಕೊಳ್ಳಿ. ಅವನಿಗೆ ಶಿಕ್ಷೆ ಏನು? ದೇಶದ ಕಾನೂನಿನ ಪ್ರಕಾರ ಮೊದಲ ಅಪರಾಧಕ್ಕೆ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ ದಂಡ. ಅಷ್ಟೇ. ಮುಳಬಾಗಿಲಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಇದಕ್ಕಿಂತ ಜಾಸ್ತಿ ಕೊಡಬೇಕು.

ಈ ಕಾನೂನನ್ನು ದೇಶಕ್ಕೆ ಕೊಟ್ಟ ಹೆಂಗಸು ಒಬ್ಬ ನೃತ್ಯಗಾರ್ತಿ. ರುಕ್ಮಿಣಿ ದೇವಿ ಅರುಂಡೇಲ್. ಭರತನಾಟ್ಯ ಕಲಿತವರಿಗೆ ಈ ಹೆಸರು ದೇವರ ಫೋಟೋದಷ್ಟು ಪರಿಚಿತ. ಭರತನಾಟ್ಯದ ಜಾತಿ ಚರಿತ್ರೆ ಓದಿದವರಿಗೂ ಪರಿಚಿತ, ಆದರೆ ಬೇರೆ ಕಾರಣಕ್ಕೆ. ಗಾಡಿ ಓಡಿಸುವವರ ಕೈಯಲ್ಲಿನ ಬಾರುಕೋಲಿಗೂ ಆಕೆಗೂ ಇರುವ ಸಂಬಂಧ ಮಾತ್ರ ಎರಡೂ ಗುಂಪಿಗೆ ಅಷ್ಟಾಗಿ ನೆನಪಿಲ್ಲ.

ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮಧುರೈಯಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬ. ತಂದೆ ನೀಲಕಂಠ ಶಾಸ್ತ್ರಿ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್, ಸಂಸ್ಕೃತ ಬಲ್ಲ ಬ್ರಾಹ್ಮಣ, ಜತೆಗೆ ಥಿಯಾಸಫಿಯ ಅನುಯಾಯಿ. ನಿವೃತ್ತಿಯ ನಂತರ ಕುಟುಂಬ ಮದರಾಸಿನ ಅಡ್ಯಾರಿಗೆ, ಥಿಯಾಸಫಿಕಲ್ ಸೊಸೈಟಿಯ ಮಗ್ಗುಲಿಗೇ ಬಂತು. ಅಲ್ಲಿ ಆನಿ ಬೆಸೆಂಟ್ ಇದ್ದರು. ಅವರ ಸಹೋದ್ಯೋಗಿ, ಇಂಗ್ಲಿಷ್ ಶಿಕ್ಷಣತಜ್ಞ ಜಾರ್ಜ್ ಅರುಂಡೇಲ್ ಕೂಡ ಇದ್ದರು. 1920ರಲ್ಲಿ ರುಕ್ಮಿಣಿ ಅವರನ್ನು ಮದುವೆಯಾದರು. ಆಕೆಗೆ ಹದಿನಾರು, ಆತನಿಗೆ ನಲವತ್ತು ದಾಟಿತ್ತು. ಮದರಾಸಿನ ಮೇಲ್ಜಾತಿ ಸಮಾಜ ಕೆಂಡಾಮಂಡಲವಾಯಿತು. ಸಿಟ್ಟು ವಯಸ್ಸಿನ ಅಂತರದ ಬಗ್ಗೆ ಅಲ್ಲ (ಅಂಥ ಮದುವೆಗಳು ಅವರ ಮನೆಗಳಲ್ಲೇ ನಡೀತಿದ್ದವು), ಗಂಡು ಬಿಳಿಯ ಅನ್ನೋದರ ಬಗ್ಗೆ.

ಮುಂದಿನ ಹದಿನೈದು ವರ್ಷ ಆಕೆ ಗಂಡನ ಜತೆ ಲೋಕ ಸುತ್ತಿದರು. 1928ರ ಹೊತ್ತಿಗೆ ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಪರಿಚಯವಾಗಿ, ಆಸ್ಟ್ರೇಲಿಯಾದ ಹಡಗಿನಲ್ಲಿ ಸ್ನೇಹ ಬೆಳೆದು, ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿ ಅವರಿಂದ ಬ್ಯಾಲೆ ಕಲಿತದ್ದೂ ಆಯಿತು. ನಿನ್ನ ನೆಲದ ಕಲೆಯ ಕಡೆ ನೋಡು ಅಂತ ಪಾವ್ಲೋವಾ ಸೂಚಿಸಿದರು ಅನ್ನುವುದು ಎಲ್ಲ ಜೀವನಚರಿತ್ರೆಗಳಲ್ಲೂ ಬರುವ ಮಾತು. ಊರಿಗೆ ಬಂದು ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ದೇವದಾಸಿ ಮನೆತನದ ಕಲಾವಿದೆಯರ ಸದಿರ್ ನೋಡಿದರು. ಮೈಲಾಪುರ ಗೌರಿ ಅಮ್ಮಾಳ್, ಆಮೇಲೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆ ಅವರ ಬಳಿ ಕಲಿತರು. 1935ರ ಡಿಸೆಂಬರಿನಲ್ಲಿ, ಥಿಯಾಸಫಿಕಲ್ ಸೊಸೈಟಿಯ ವಜ್ರಮಹೋತ್ಸವದ ಹೊತ್ತಿನಲ್ಲಿ ರಂಗವೇರಿದರು. ಬ್ರಾಹ್ಮಣ ಮನೆಯ ಹೆಣ್ಣುಮಗಳು ಸದಿರ್ ಆಡುವುದೇ? ಮತ್ತೊಮ್ಮೆ ಗಲಾಟೆ. 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ರುಕ್ಮಿಣಿ ದೇವಿ ಸದಿರಿನಿಂದ ಶೃಂಗಾರ ಕಳೆದು, ಭಕ್ತಿ ತುಂಬಿ, ರಂಗದ ಮೇಲೆ ನಟರಾಜನ ವಿಗ್ರಹ ಇಟ್ಟು, ವೇಷಭೂಷಣ ಬದಲಿಸಿ ಅದನ್ನು ಗೌರವಸ್ಥ ಮನೆಗಳ ಕಲೆಯಾಗಿಸಿದರು. ಆ ಕಲೆಯನ್ನು ತಲೆಮಾರುಗಳಿಂದ ಕಾಪಾಡಿದ ದೇವದಾಸಿ ಹೆಣ್ಣುಮಕ್ಕಳು ಅದೇ ಹೊತ್ತಿಗೆ ರಂಗದಿಂದ ಹೊರಬಿದ್ದರು. ಬಾಲಸರಸ್ವತಿ ಈ ಶುದ್ಧೀಕರಣವನ್ನು ಕೊನೆವರೆಗೂ ಒಪ್ಪಲಿಲ್ಲ. ಇದು ಸಣ್ಣ ವಿಚಾರ ಅಲ್ಲ, ನೃತ್ಯಕ್ಕೆ ಮಾತ್ರ ಸೀಮಿತವಾದ ವಿಚಾರವೂ ಅಲ್ಲ. ಮೇಲಿನಿಂದ ನೋಡಿ, ಇದು ಚೆನ್ನಾಗಿಲ್ಲ, ಇದನ್ನು ಸರಿಮಾಡಬೇಕು ಅನ್ನುವ ಕಣ್ಣು ಆಕೆಯದ್ದು. ಅದೇ ಕಣ್ಣು ಬೀದಿಯ ಜಟಕಾ ಕುದುರೆಯ ಮೇಲೂ, ಗಾಡಿ ಎತ್ತಿನ ಮೇಲೂ ಬಿತ್ತು. ಎತ್ತು ಮಾತಾಡುವುದಿಲ್ಲ, ಬಾಲಸರಸ್ವತಿ ಮಾತಾಡಿದರು. ವ್ಯತ್ಯಾಸ ಇರುವುದು ಅಲ್ಲಿ. ಪ್ರಾಣಿಗಳ ವಿಷಯದಲ್ಲಿ ಆಕೆಯ ಕೆಲಸ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ ಅಂತ ನನಗನ್ನಿಸುವುದೂ ಅದಕ್ಕೇ.

1945ರಲ್ಲಿ ಗಂಡ ತೀರಿಕೊಂಡರು. 1952ರಲ್ಲಿ ರಾಜ್ಯಸಭೆ ಹುಟ್ಟಿದಾಗ ರಾಷ್ಟ್ರಪತಿ ನಾಮಕರಣ ಮಾಡಿದ ಮೊದಲ ತಂಡದಲ್ಲಿ ವಿಜ್ಞಾನಿ ಸತ್ಯೇಂದ್ರನಾಥ ಬೋಸ್, ನಟ ಪೃಥ್ವಿರಾಜ್ ಕಪೂರ್, ಕವಿ ಮೈಥಿಲೀಶರಣ ಗುಪ್ತ ಇದ್ದರು. ಆ ಸಾಲಿನಲ್ಲಿ ರುಕ್ಮಿಣಿ ದೇವಿಯೂ ಇದ್ದರು. ನಾಮಕರಣಗೊಂಡ ಮೊದಲ ಮಹಿಳೆ ಆಕೆ. ಇವತ್ತಿನ ಎಷ್ಟೋ ನಾಮಕರಣ ಸದಸ್ಯರು ಹಾಜರಿ ಹಾಕಲಿಕ್ಕೂ ಪುರುಸೊತ್ತಿಲ್ಲದಂತೆ ಇರುತ್ತಾರಲ್ಲ, ಆಕೆ ಹಾಗಿರಲಿಲ್ಲ. ಕುಳಿತ ಕೂಡಲೇ ಖಾಸಗಿ ಮಸೂದೆ ಸಿದ್ಧಪಡಿಸಿದರು: ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ.

ಕ್ರೌರ್ಯ ತಡೆ ಕಾನೂನು ಅದಕ್ಕೆ ಮೊದಲೂ ಇತ್ತು. 1890ರಲ್ಲಿ ಬ್ರಿಟಿಷರು ಮಾಡಿದ್ದು. ಅದರ ಗಮನವೆಲ್ಲ ಬೀದಿಯ ಮೇಲೆ: ಗಾಡಿಯವನು, ಜಟಕಾದವನು, ಹೇರು ಹೊರಿಸುವವನು. ಬಂಗಲೆಯ ಸಾಹೇಬರ ಕಣ್ಣಿಗೆ ಬೀಳುವ ಕ್ರೌರ್ಯ ಮಾತ್ರ ಕ್ರೌರ್ಯ. ರುಕ್ಮಿಣಿ ದೇವಿ ಅದನ್ನು ಹಿಗ್ಗಿಸಲು ಹೊರಟರು. ಪ್ರಯೋಗಾಲಯ, ಕಸಾಯಿಖಾನೆ, ಸರ್ಕಸ್, ವಿದೇಶಕ್ಕೆ ಸಾಗಿಸುವ ಕೋತಿಗಳು, ಎಲ್ಲವೂ ಆಕೆಯ ಪಟ್ಟಿಯಲ್ಲಿದ್ದವು.

1954ರ ಮಾರ್ಚಿನಲ್ಲಿ ಮಸೂದೆ ರಾಜ್ಯಸಭೆಯ ಚರ್ಚೆಗೆ ಬಂತು. ಸದನದ ಮೆಚ್ಚುಗೆ ಸಿಕ್ಕಿತು. ಆದರೆ ಪ್ರಧಾನಿ ನೆಹರೂ ಸ್ವತಃ ಎದ್ದು ನಿಂತು, ಉದ್ದೇಶ ಒಳ್ಳೆಯದು, ಸರ್ಕಾರವೇ ಸಮಿತಿ ಮಾಡಿ ಸಮಗ್ರ ಕಾನೂನು ತರುತ್ತದೆ, ನೀವು ಹಿಂತೆಗೆದುಕೊಳ್ಳಿ ಎಂಬ ಅರ್ಥದಲ್ಲಿ ಕೇಳಿಕೊಂಡರು. ಆಕೆ ಹಿಂತೆಗೆದುಕೊಂಡರು. ಸರ್ಕಾರದ ಸಮಿತಿ ಅಂದರೆ ಏನು ಅಂತ ನಿಮಗೆ ಗೊತ್ತು. ಆದರೂ ಆ ಸಮಿತಿ ಕೂತಿತು, ವರದಿ ಕೊಟ್ಟಿತು. 1960ರ ಡಿಸೆಂಬರಿನಲ್ಲಿ ಆ ವರ್ಷದ 59ನೇ ಕಾಯ್ದೆಯಾಗಿ ಪ್ರಾಣಿ ಕ್ರೌರ್ಯ ತಡೆ ಕಾಯ್ದೆ ಬಂತು. ಒಬ್ಬ ನಾಮಕರಣ ಸದಸ್ಯೆಯ ಖಾಸಗಿ ಮಸೂದೆ ಆರೇಳು ವರ್ಷದಲ್ಲಿ ದೇಶದ ಕಾನೂನಾಗುವುದು ನಮ್ಮ ಸಂಸತ್ತಿನಲ್ಲಿ ತೀರಾ ಅಪರೂಪ.

ಆದರೆ ಬಂದ ಕಾನೂನು ಆಕೆ ಕೇಳಿದ ಕಾನೂನಲ್ಲ. ಕಾಯ್ದೆ ತೆರೆದು 11ನೇ ಕಲಮು ನೋಡಿ. ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು, ಮಿತಿಮೀರಿ ಹೇರುವುದು, ಹಿಂಸಿಸುವುದು, ಎಲ್ಲ ಅಪರಾಧ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟ ಮಾಲೀಕನೂ ಅಪರಾಧಿ. ಇಷ್ಟರವರೆಗೆ ಚೆನ್ನಾಗಿದೆ. ಅದೇ ಕಲಮಿನ ಕೆಳಗೆ ವಿನಾಯಿತಿಗಳಿವೆ: ಕೊಂಬು ಕೀಳುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ನಿಗದಿತ ರೀತಿಯಲ್ಲಿದ್ದರೆ ಅಪರಾಧವಲ್ಲ. ಪ್ರಯೋಗಾಲಯಕ್ಕೆ ಬೇರೆ ಬಾಗಿಲು. ಧರ್ಮದ ಹೆಸರಿನ ವಧೆಗೆ 28ನೇ ಕಲಮು. ಆಕೆ ಬೀದಿಯಿಂದಾಚೆ ಹೋಗಲು ಹೊರಟರು, ಕಾನೂನು ಮಾತ್ರ ಮತ್ತೆ ಬೀದಿಗೇ ಬಂದು ನಿಂತಿತು. ಪ್ರಯೋಗಾಲಯದ ದೊಡ್ಡವರು ದಾಟಿಕೊಂಡರು, ಗಾಡಿಯವನು ಸಿಕ್ಕಿಕೊಂಡ.

ಸಿಕ್ಕಿಕೊಂಡವನಿಗೂ ಏನೂ ಆಗುವುದಿಲ್ಲ ಅನ್ನೋದು ಇನ್ನೊಂದು ಕಥೆ. 10ರಿಂದ 50 ರೂಪಾಯಿ ದಂಡದ ಮಾತು ಆಗಲೇ ಬಂತು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯವಾದದ್ದು 31ನೇ ಕಲಮು. ಪೊಲೀಸರು ವಾರಂಟ್ ಇಲ್ಲದೆ ಕೈಹಾಕಬಹುದಾದ ಅಪರಾಧಗಳು ಇವು ಅಂತ ಅದು ಕೆಲವನ್ನಷ್ಟೇ ಹೆಸರಿಸುತ್ತದೆ: ಪ್ರಾಣಿಯ ಅಂಗ ಕತ್ತರಿಸುವುದು ಅಥವಾ ಕ್ರೂರವಾಗಿ ಕೊಲ್ಲುವುದು, ಪ್ರಾಣಿ ಕಾಳಗಕ್ಕೆ ಜಾಗ ಒದಗಿಸುವುದು, ಇಂಥ ಮೂರ್ನಾಲ್ಕು. ಮಿತಿಮೀರಿ ಓಡಿಸುವುದು ಆ ಪಟ್ಟಿಯಲ್ಲಿಲ್ಲ. ಅಂದರೆ ಬೈರಕೂರಿನ ಮೈದಾನದಲ್ಲಿ ಪೊಲೀಸಪ್ಪ ಎದುರಿಗೇ ನಿಂತು ನೋಡಿದರೂ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಗೂ ಇಳಿಯುವಂತಿಲ್ಲ. ಮೂರು ತಿಂಗಳು ಕಳೆದರೆ ಕೇಸನ್ನೇ ಹಾಕುವಂತಿಲ್ಲ. 1982ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಆಗ ಆಕೆ ಬದುಕಿದ್ದರು. ಆಗಲೂ ಐವತ್ತು ರೂಪಾಯಿಯ ಗೆರೆ ದಾಟಲಿಲ್ಲ.

ಕಾನೂನು ಸೋತ ಕಡೆ ಆಕೆ ಸಂಸ್ಥೆ ಕಟ್ಟಿದರು. ಕಾಯ್ದೆಯ 4ನೇ ಕಲಮಿನಡಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು, ಆಕೆಯೇ ಮೊದಲ ಅಧ್ಯಕ್ಷೆ. ಕಚೇರಿ ಮದರಾಸಿನಲ್ಲಿ. ರಾಜ್ಯಸಭೆಯ ಅವಧಿ ಅದೇ ವರ್ಷ ಮುಗಿಯಿತು, ಮಂಡಳಿಯ ಕೆಲಸ ಎರಡು ದಶಕಕ್ಕೂ ಮೀರಿ ನಡೆಯಿತು. 1965ರಲ್ಲಿ ಗಾಡಿ ಮತ್ತು ಹೇರಿನ ಪ್ರಾಣಿಗಳ ನಿಯಮಗಳು ಬಂದವು. ನನ್ನ ಮಟ್ಟಿಗೆ, ಕಾಯ್ದೆಗಿಂತ ಈ ನಿಯಮಗಳೇ ಹೆಚ್ಚು ಬುದ್ಧಿವಂತಿಕೆಯ ಕೆಲಸ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಐದು ಗಂಟೆಗೊಮ್ಮೆ ಬಿಡುವು ಕೊಡಲೇಬೇಕು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಮೊಳೆ ಬಡಿದ ಕೋಲು, ಮುಳ್ಳಿರುವ ಕಡಿವಾಣ, ಮೈ ಸುಲಿಯುವ ನೊಗ, ಇವಕ್ಕೆ ನಿಷೇಧ. ಓದಿದರೆ ಕಾರ್ಮಿಕ ಕಾನೂನು ಓದಿದ ಹಾಗಾಗುತ್ತದೆ: ಕೆಲಸದ ಅವಧಿ, ವಿರಾಮ, ಹೊರೆ, ಉಪಕರಣ. ಎತ್ತನ್ನು ಪೂಜೆಯ ವಸ್ತುವಾಗಿ ನೋಡದೆ ದುಡಿಯುವ ಜೀವವಾಗಿ ನೋಡಿದ ನಿಯಮಗಳು ಇವು. (ಇಂಥ ನಿಯಮ ಗಾಡಿ ಎಳೆಯುವ ಮನುಷ್ಯರಿಗೂ ಸಿಕ್ಕಿದ್ದರೆ ಚೆನ್ನಾಗಿತ್ತು. ಅದು ಬೇರೆ ಲೇಖನದ ವಿಷಯ.)

ಸಸ್ಯಾಹಾರದ ಪ್ರಚಾರ, 1957ರಲ್ಲಿ ಭಾರತದಲ್ಲಿ ನಡೆದ ವಿಶ್ವ ಸಸ್ಯಾಹಾರಿ ಸಮ್ಮೇಳನ, ಮಾಂಟೆಸ್ಸೋರಿಯನ್ನು ಗಂಡನ ಜತೆ ಸೇರಿ ಭಾರತಕ್ಕೆ ಕರೆಸಿದ್ದು, ಕೈಮಗ್ಗ ಮತ್ತು ಕಲಂಕಾರಿಗೆ ಕಲಾಕ್ಷೇತ್ರದಲ್ಲಿ ಜಾಗ ಮಾಡಿದ್ದು, 1956ರ ಪದ್ಮಭೂಷಣ, ಇವನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ. ಸಸ್ಯಾಹಾರದ ಬಗ್ಗೆ ಒಂದೇ ಮಾತು. ಆಕೆಯ ಸಸ್ಯಾಹಾರ ಬ್ರಾಹ್ಮಣ ಅಡುಗೆಮನೆಯಿಂದ ಬಂದದ್ದು ನಿಜ. ಆದರೆ ಆಕೆ ತನ್ನ ಹೋರಾಟವನ್ನು ಹಸುವಿಗೆ ಸೀಮಿತ ಮಾಡಲಿಲ್ಲ. ಪ್ರಯೋಗಾಲಯದ ಕೋತಿಗೂ ಜಟಕಾ ಕುದುರೆಗೂ ಅದೇ ಕಾಳಜಿ. ಇವತ್ತು ಪ್ರಾಣಿದಯೆಯ ಹೆಸರಲ್ಲಿ ಹೆದ್ದಾರಿಯಲ್ಲಿ ಲಾರಿ ತಡೆದು ಡ್ರೈವರುಗಳ ಹೆಸರು ಕೇಳುವ ಜನ ಇದ್ದಾರಲ್ಲ, ಅವರ ಸಾಲಿನಲ್ಲಿ ಆಕೆಯನ್ನು ನಿಲ್ಲಿಸುವುದು ತಪ್ಪು.

1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಆಕೆಯನ್ನು ರಾಷ್ಟ್ರಪತಿ ಹುದ್ದೆಗೆ ಕೇಳಿದರು. ಬೇಡವೆಂದರು. ಪಕ್ಕದ ಅನಂತಪುರದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಮರುವರ್ಷ, 1978ರಲ್ಲಿ, ಭಾರತ ಪ್ರಯೋಗಾಲಯಗಳಿಗೆ ಕೋತಿ ರಫ್ತು ನಿಲ್ಲಿಸಿತು. ಇಪ್ಪತ್ತು ವರ್ಷಕ್ಕೂ ಹಿಂದೆ ಹಿಡಿದ ಹಟ. ರಾಷ್ಟ್ರಪತಿ ಭವನಕ್ಕಿಂತ ಆಕೆಗೆ ಅದೇ ದೊಡ್ಡದಾಗಿ ಕಂಡಿರಬೇಕು.

1986ರ ಫೆಬ್ರವರಿ 24ರಂದು ಮದರಾಸಿನಲ್ಲಿ ತೀರಿಕೊಂಡರು.

ಆದರೆ ಆಕೆಯ ಕಾನೂನಿನ ಬದುಕು ಅಲ್ಲಿಗೆ ಮುಗಿಯಲಿಲ್ಲ. ಅಸಲು ಜಗಳ ಶುರುವಾದದ್ದು ಆಮೇಲೆ. 2011ರಲ್ಲಿ ಕೇಂದ್ರದ ಪರಿಸರ ಸಚಿವಾಲಯ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟ ಎರಡನ್ನೂ ನಿಲ್ಲಿಸಿತು. ಕೇಸು ಹೂಡಿದ್ದು ಯಾರು? ರುಕ್ಮಿಣಿ ದೇವಿ ಕಟ್ಟಿದ ಅದೇ ಪ್ರಾಣಿ ಕಲ್ಯಾಣ ಮಂಡಳಿ. ದಂಡ ತೀರಾ ಕಡಿಮೆ, ಸಂಸತ್ತು ಸರಿಪಡಿಸಬೇಕು ಅಂತ ಆ ತೀರ್ಪು ಹೇಳಿತು. ಸಂಸತ್ತು ಕೇಳಿಸಿಕೊಳ್ಳಲಿಲ್ಲ. 2022ರ ನವೆಂಬರಿನಲ್ಲಿ ದಂಡವನ್ನು ಸಾವಿರಗಳ ಲೆಕ್ಕಕ್ಕೆ ಏರಿಸುವ ಕರಡು ಹೊರಬಂದು, ಜನರ ಅಭಿಪ್ರಾಯ ಕೇಳಿ, ಕರಡಾಗಿಯೇ ಕೂತಿತು.

ಕಾನೂನು ಬಿಗಿಯಾಗುವ ಬದಲು ಬೀದಿ ಬಿಸಿಯಾಯಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚು ತುಂಬಿತು. ಅದರ ಬೆನ್ನಿಗೇ ನಮ್ಮಲ್ಲಿ ಕಂಬಳಕ್ಕಾಗಿ ಕೂಗು ಎದ್ದಿತು. ಫೆಬ್ರವರಿಯಲ್ಲಿ ವಿಧಾನಸಭೆ ತಿದ್ದುಪಡಿ ಒಪ್ಪಿತು, ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ಎಲ್ಲರೂ ಅದನ್ನು ಕಂಬಳದ ಕಾನೂನು ಅಂತಲೇ ಕರೆದರು. ಆದರೆ ಅದರಲ್ಲಿ ಇನ್ನೊಂದು ಸಾಲು ಇದೆ: ಯಾವುದೇ ಹೆಸರಿನ ಹೋರಿ ಓಟ ಅಥವಾ ಎತ್ತಿನ ಗಾಡಿ ಓಟ. ಕರಾವಳಿಯ ಹೋರಾಟದ ನೆರಳಲ್ಲಿ ಕೋಲಾರ, ಮಂಡ್ಯದ ಗಾಡಿ ಓಟಕ್ಕೂ ರಹದಾರಿ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು.

ಸರಿ, ಓಟ ನಡೆಯಲಿ. ಸಂಸ್ಕೃತಿಯ ವಾದವನ್ನು ಪೂರ್ತಿ ತಳ್ಳಿಹಾಕುವವನು ನಾನಲ್ಲ. ಊರಿನ ಆಟವನ್ನು ಕ್ರೌರ್ಯ ಅಂದು, ಬೆಂಗಳೂರಿನ ರೇಸ್‌ಕೋರ್ಸನ್ನು ಕ್ರೀಡೆ ಅನ್ನುವ ಇಬ್ಬಂದಿತನ ನಮ್ಮಲ್ಲಿ ಇದ್ದೇ ಇದೆ. ಆದರೆ ರೇಸ್‌ಕೋರ್ಸಿನಲ್ಲಿ ಒಂದು ವ್ಯವಸ್ಥೆ ಇದೆ. ಜಾಕಿಗೆ ಲೈಸೆನ್ಸ್ ಬೇಕು. ಓಟ ಮುಗಿದ ಮೇಲೆ ಸ್ಟೂವರ್ಡ್‌ಗಳು ವಿಚಾರಣೆ ನಡೆಸುತ್ತಾರೆ, ತಪ್ಪಿದ್ದರೆ ಅಮಾನತು ಮಾಡುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಮ್ಮ ಗಾಡಿ ಓಟಕ್ಕೆ ಹತ್ತಿರದ ಆಟ ಇದೆ: ಎರಡು ಚಕ್ರದ ಹಗುರ ಗಾಡಿಗೆ ಕುದುರೆ ಹೂಡಿ ಓಡಿಸುವುದು. ಅಲ್ಲಿ ಅಜಾಗರೂಕ ಚಾಲನೆ ಅನ್ನುವುದೇ ಒಂದು ಪ್ರತ್ಯೇಕ ಆರೋಪ. ಜಾಗ ಇಲ್ಲದ ಕಡೆ ಗಾಡಿ ನುಗ್ಗಿಸಿ ಪಕ್ಕದ ಕುದುರೆಗೆ ಅಡ್ಡಬಂದರೆ ವಿಡಿಯೋ ಹಾಕಿ ನೋಡುತ್ತಾರೆ, ಡ್ರೈವರನ ವಾದ ಕೇಳುತ್ತಾರೆ, ಆಮೇಲೆ ದಿನ, ವಾರಗಳ ಲೆಕ್ಕದಲ್ಲಿ ಅವನನ್ನು ಹೊರಗಿಡುತ್ತಾರೆ. ಅಷ್ಟು ದಿನ ಅವನಿಗೆ ಸಂಪಾದನೆ ಇಲ್ಲ. ನಾರ್ವೆ 1982ರಲ್ಲೇ ರೇಸಿನಲ್ಲಿ ಚಾಟಿಯನ್ನು ನಿಷೇಧಿಸಿತು. ನಮ್ಮ ಸಂಸತ್ತು ಐವತ್ತು ರೂಪಾಯಿಗೇ ಅಂಟಿಕೊಂಡ ಅದೇ ವರ್ಷ.

ನಮ್ಮ ತಿದ್ದುಪಡಿ ಏನು ಮಾಡಿತು? ಅನಗತ್ಯ ನೋವು ಕೊಡಬಾರದು ಅನ್ನುವ ಷರತ್ತು ಹಾಕಿತು. ಗಾಡಿ ಓಡಿಸುವವನಿಗೆ ಲೈಸೆನ್ಸ್ ಬೇಕು ಅನ್ನಲಿಲ್ಲ. ಓಟ ನೋಡಿ ತೀರ್ಪು ಕೊಡುವವರು ಯಾರು ಅಂತ ಹೇಳಲಿಲ್ಲ. ಎಷ್ಟು ಏಟು ಅನಗತ್ಯ ಅನ್ನುವುದನ್ನು ಎಣಿಸುವವರಿಲ್ಲ. ಗಾಡಿ ಗೆರೆ ಬಿಟ್ಟು ಜನರ ಮೇಲೆ ನುಗ್ಗಿದರೆ ಮುಂದಿನ ಜಾತ್ರೆಗೆ ಆ ಓಡಿಸುಗನನ್ನು ಬಿಡಬಾರದು ಅನ್ನುವ ಸಾಲು ಅದರಲ್ಲಿಲ್ಲ. ಕಂಬಳದ ಸಮಿತಿಗಳು ಗೆದ್ದವರು ಯಾರು ಅಂತ ತಿಳಿಯಲು ಲೇಸರ್ ಕಿರಣ ಇಡುವ ಮಟ್ಟಕ್ಕೆ ಬಂದಿವೆ, ಮನಸ್ಸು ಮಾಡಿದರೆ ಏಟನ್ನೂ ಎಣಿಸಬಲ್ಲವು. ಗಾಡಿ ಓಟದ ಸಂಘಟಕರಿಗೂ ಇದು ಆಗದ ಕೆಲಸವೇನಲ್ಲ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ರೀಲ್ಸಿಗೆ ಬಳಸುವ ಅದೇ ವಿಡಿಯೋ ವಿಚಾರಣೆಗೂ ಸಾಕು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. 1965ರ ನಿಯಮಗಳು ಇನ್ನೂ ಜಾರಿಯಲ್ಲಿವೆ. ಮೊಳೆ ಕೋಲು ನಿಷೇಧ ಇವತ್ತಿಗೂ ನಿಷೇಧವೇ. ಓಟಕ್ಕೆ ಅನುಮತಿ ಕೇಳಿ ಬಂದವರಿಂದ ಜಿಲ್ಲಾಡಳಿತ ಓಡಿಸುಗರ ಹೆಸರಿನ ಪಟ್ಟಿ ಕೇಳಬಹುದು, ಪಶುವೈದ್ಯರು ಓಟದ ಮೊದಲೂ ಆಮೇಲೂ ರಾಸಿನ ಮೈ ನೋಡಬೇಕೆಂದು ಷರತ್ತು ಹಾಕಬಹುದು, ಬರೆ ಕಂಡ ಜತೆಗೆ ಬಹುಮಾನ ಕೊಡಬೇಡಿ ಅನ್ನಬಹುದು. ಐವತ್ತು ರೂಪಾಯಿಗೆ ಹೆದರದವನು ಬಹುಮಾನ ಕೈತಪ್ಪುತ್ತದೆ ಅಂದರೆ ಹೆದರುತ್ತಾನೆ. ಮುಂದಿನ ಸಂಕ್ರಾಂತಿಗೆ ನಿಮ್ಮೂರಿನ ಓಟದ ಫ್ಲೆಕ್ಸ್ ಏಳುವ ಮೊದಲು ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಹಾಕಿ: ಅನುಮತಿ ಪತ್ರದಲ್ಲಿ ಯಾವ ಷರತ್ತುಗಳಿವೆ, ಅವನ್ನು ನೋಡಿಕೊಳ್ಳುವ ಅಧಿಕಾರಿ ಯಾರು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ.